ಲೇಬರ್ ರೂಮ್ ನೈಟ್ ಡ್ಯೂಟಿ: ಮನೆಗೆ ಹೋದರೂ ಬಿಡದ ಕೊರೆತ

ಇನ್‌ಚಾರ್ಜ್_ಸಿಸ್ಟರ್: ತಾಲ್ಲೂಕು ಆಸ್ಪತ್ರೆ, ರಾತ್ರಿ ಇಬ್ಬರೇ ಸ್ಟಾಫ್. ಬೆಳಿಗ್ಗೆ ಮನೆಗೆ ಹೋಗಿ ಮಲಗಿದರೂ ‘ಡ್ರಿಪ್ ಸರಿಯಿತ್ತಾ, ಕೇಸ್‌ಶೀಟಲ್ಲಿ ಬರೆದೆನಾ’ ಅಂತ ಹುಡುಗಿಯರಿಗೆ ಎದೆ ಡವಡವ. ಯೋಗ ಮಾಡಿ ಅನ್ನೋದು ಬಿಟ್ಟು, ವಾರ್ಡಲ್ಲೇ ಏನು ಮಾಡಬಹುದು ಹೇಳಿ.

ಪಾರ್ಟೋಗ್ರಾಫ್: ಬರೆಯೋದನ್ನು ಕೊನೆಗೆ ಉಳಿಸಿಕೊಂಡರೆ ತಲೆ ಅದನ್ನು ಮನೆತನಕ ಹೊತ್ತುಕೊಂಡು ಹೋಗುತ್ತೆ. ಮಗುವಿನ ಹೃದಯ ಬಡಿತವನ್ನು ಅರ್ಧ ಗಂಟೆಗೊಮ್ಮೆ ನೋಡಿದ ಕೂಡಲೇ ಪಾರ್ಟೋಗ್ರಾಫಲ್ಲಿ (ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತು ಹಾಕೋ ಚಾರ್ಟ್) ಚುಕ್ಕೆ ಇಡಲಿ. ಹೆರಿಗೆ ನೋವು ಹೆಚ್ಚಿಸೋ ಆಕ್ಸಿಟೋಸಿನ್ ಡ್ರಿಪ್ ಬಾಟಲಿಗೆ ಲೇಬಲ್ ಹಚ್ಚಲಿ: ಎಷ್ಟು ಯೂನಿಟ್, ಎಷ್ಟು ಹೊತ್ತಿಗೆ ಶುರು, ನಿಮಿಷಕ್ಕೆ ಎಷ್ಟು ಹನಿ, ಯಾರ ಸಹಿ. ಮುಂದಿನ ಪಾಳಿಯವರಿಗೆ ಒಪ್ಪಿಸೋ ಹ್ಯಾಂಡೋವರ್ ಅನ್ನು ಟೇಬಲ್ ಹತ್ತಿರ ಮಾಡೋದು ಬೇಡ. ಇಬ್ಬರೂ ಹಾಸಿಗೆ ಪಕ್ಕ ನಿಂತು ಹನಿ ಎಣಿಸಿ, ಹೆರಿಗೆಯಾದವರ ಪ್ಯಾಡ್ ನೋಡಿ, ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಿದೆಯಾ ಅಂತ ನೋಡಲಿ. ಮನೆಗೆ ಹೋದ ಮೇಲೆ ಏನಾದರೂ ನೆನಪಾದರೆ ಡ್ಯೂಟಿ ಫೋನಿಗೆ ಒಂದೇ ಕರೆ. ಅದೇ ವಿಷಯ ಮತ್ತೆ ಮತ್ತೆ ಕೇಳಿದರೆ ಆ ಕ್ಷಣಕ್ಕೆ ಸಮಾಧಾನ, ಸಂಜೆಗೆ ಅನುಮಾನ ಇನ್ನೂ ಬೆಳೆದಿರುತ್ತೆ.

ರೋಟಾ_ಲೆಕ್ಕ: ಸರಿ, ಆದರೆ ಮೂರು ಹೆರಿಗೆ ಒಟ್ಟಿಗೆ ಬಂದರೆ ಚುಕ್ಕೆ ಇಡೋರು ಯಾರು? ತಾಯಿ ಮುಕ್ಕಲು ಶುರು ಮಾಡಿದ ಮೇಲೆ ಬಡಿತವನ್ನು 5 ನಿಮಿಷಕ್ಕೊಮ್ಮೆ ನೋಡಬೇಕು. ಇಬ್ಬರಿಂದ ಆಗದ ಕೆಲಸಕ್ಕೆ ‘ಆತಂಕ’ ಅಂತ ಹೆಸರಿಡಬೇಡಿ. ರಾತ್ರಿವಾರು ಹೆರಿಗೆ ಎಷ್ಟು, ಸ್ಟಾಫ್ ಎಷ್ಟು, ತಪ್ಪಿದ ಚೆಕ್ ಎಷ್ಟು ಅಂತ ಬರೆದಿಟ್ಟು ತಿಂಗಳಿಗೊಮ್ಮೆ ಆಡಳಿತ ವೈದ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಲ್ಲಿ ಹೇಳಿದ್ದು ಯಾವ ಕಡತಕ್ಕೂ ಹೋಗಲ್ಲ. ಪಾಳಿಯೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಈ ಕ್ರಮದಲ್ಲೇ ತಿರುಗಲಿ. ಉಲ್ಟಾ ತಿರುಗಿಸಿದರೆ ನಿದ್ದೆ ಹೊಂದಿಕೊಳ್ಳೋದು ಕಷ್ಟ.

ಮನೋ_ನರ್ಸಿಂಗ್: ಡವಡವ ಅಂದರೆಲ್ಲ ಮನಸ್ಸಿನದ್ದೇ ಅಲ್ಲ. ಮೊದಲು ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮಾಡಿಸಿ. ರಾತ್ರಿ 2ರ ನಂತರ ಕಾಫಿ ಬೇಡ, ಸುಮಾರು 5 ಗಂಟೆ ಕಳೆದರೂ ಅರ್ಧ ಕೆಫೀನ್ ಮೈಯಲ್ಲೇ ಇರುತ್ತೆ. ಆತಂಕ ಅಳೆಯೋ ಜಿಎಡಿ-7 ಪ್ರಶ್ನಾವಳಿಯಲ್ಲಿ 21ಕ್ಕೆ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಲೇಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ವಾರ್ಡ್ ಸ್ಟಾಕಿನ ಆಲ್ಪ್ರಜೋಲಾಮ್‌ಗೆ (ಆತಂಕ ತಗ್ಗಿಸೋ, ಚಟ ಹಿಡಿಸಬಹುದಾದ ಮಾತ್ರೆ) ಮಾತ್ರ ಕೈ ಹಾಕಬೇಡಿ. ಎದೆಬಡಿತ ಇಳಿಸೋ ಪ್ರೊಪ್ರನೊಲಾಲ್ ಕೂಡ ಸ್ವಂತ ನಿರ್ಧಾರದಲ್ಲಿ ಬೇಡ, ಉಬ್ಬಸ ಇರೋರಿಗೆ ಉಸಿರೇ ಕಟ್ಟೀತು.

ಇನ್‌ಚಾರ್ಜ್_ಸಿಸ್ಟರ್: ಲೇಬಲ್ ಇವತ್ತೇ ಶುರು. ಹಾಸಿಗೆ ಪಕ್ಕದ ಹ್ಯಾಂಡೋವರ್‌ಗೆ 10 ನಿಮಿಷ ಬೇಕಲ್ಲ, ಅದು ಯಾರ ಲೆಕ್ಕಕ್ಕೆ?

ರೋಟಾ_ಲೆಕ್ಕ: ಡ್ಯೂಟಿ ಲೆಕ್ಕಕ್ಕೇ. ರೋಟಾದಲ್ಲಿ (ಪಾಳಿ ಪಟ್ಟಿ) ಪಾಳಿ ಶುರುವಾಗೋ ಹೊತ್ತು 8 ಗಂಟೆ ಅಂತ ಇರೋದನ್ನು 7 ಗಂಟೆ 50 ನಿಮಿಷ ಅಂತ ಬರೆಸಿ.