ಅಪ್‌ಡೇಟ್: ಉಪ್ಪಲಿ ಬುರುಜಿನಿಂದ ಬಿದ್ದ ಬಿಲ್ಲುಗಾರ

ಹೋದ ತಿಂಗಳು ಕೇಳಿದ್ದೆ. ವಿಜಯಪುರದಾಗ ನಾವು ನಾಲ್ಕು ಮಂದಿ ರವಿವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿ (ಒಬ್ಬೊಬ್ಬರು ಒಂದು ಪಾತ್ರ ಆಗಿ, ದಾಳ ಹಾಕಿ ಕಥಿ ಮುಂದ ಒಯ್ಯೂ ಆಟ) ಆಡ್ತೀವಿ, ಕಥಿ ನಮ್ಮೂರಿಂದೇ, ನಡೆಸಾಂವ ನಾ. ನಮ್ಮ ಬಿಲ್ಲುಗಾರ ಉಪ್ಪಲಿ ಬುರುಜಿನ ಮ್ಯಾಲಿಂದ ಬಿದ್ದ. ಸುಮಾರು 80 ಅಡಿ. ಪೆಟ್ಟು ಎಷ್ಟು ಅನ್ನಾಕ 10 ಅಡಿಗೊಂದರಂಗ ಆರು ಮುಖದ 8 ದಾಳ. 31 ಬಿತ್ತು, ಅವನ ಹತ್ರ ಇದ್ದ ಹಿಟ್ ಪಾಯಿಂಟ್ (ಜೀವದ ಅಂಕ) 34. ಕೈ ಮುರೀತು ಅಂತ ಕಣ್ಣಾಗ ನೀರು ಬರೂಹಂಗ ವರ್ಣಿಸಿದೆ. ಆದ್ರ ನಿಯಮದ ಪ್ರಕಾರ 8 ತಾಸು ಮಲಗಿ ಎದ್ದರ ಪೂರಾ ಗುಣ! ಇದಕ್ಕೇನು ಮಾಡ್ಲಿ ಅನ್ನೂದು ನನ್ನ ಪ್ರಶ್ನೆ.

ಆ 8 ತಾಸಿನ ದೀರ್ಘ ವಿಶ್ರಾಂತಿನ 7 ದಿನ ಮಾಡು ಅಂದ್ರಿ. ಮಾಡಿದೆ, ಕೆಟ್ಟಿತು. ಮಾಂತ್ರಿಕನ ಮಂತ್ರಗಳೂ ಅದೇ ವಿಶ್ರಾಂತಿಯಿಂದ ತಿರುಗಿ ಬರೂದು. ಬಿದ್ದಾಂವ ಒಬ್ಬ, ದಂಡ ಕಟ್ಟಿದಾಂವ ಇನ್ನೊಬ್ಬ. ಮಾಂತ್ರಿಕನ ಪಾತ್ರ ಆಡೂ ಹುಡುಗ ಚುರಮುರಿ ಪ್ಲೇಟು ಸರಿಸಿ, "ಯಪ್ಪಾ, ನಾ ಏನ್ ತಪ್ಪ ಮಾಡೀನಿ?" ಅಂದ.

ಈಗ ಎರಡನ್ನೂ ಬೇರೆ ಮಾಡೀನಿ. ಹಿಟ್ ಪಾಯಿಂಟ್ ಮೊದಲಿನಂಗ ಒಂದು ರಾತ್ರಿಗೆ ತುಂಬ್ತಾವ. ಮುರಿದ ಕೈ ಮಾತ್ರ ಪಾತ್ರದ ವಿವರ ಬರಿಯೂ ಹಾಳಿ ಮ್ಯಾಲೆ ಕೆಂಪು ಪೆನ್ನಿನಾಗ ಉಳೀತದ: ಬಿಲ್ಲು ಬಂದ್, ಎಡಗೈಲೆ ಬಾಕು ಬೀಸಿದ್ರ ಇಪ್ಪತ್ತು ಮುಖದ ದಾಳ ಎರಡು ಹಾಕಿ ಸಣ್ಣದು ತಗೋಬೇಕು. ಆಟದೊಳಗ ಆರು ವಾರ, ನಮಗ ಎರಡು ರವಿವಾರ. ಬಿಲ್ಲುಗಾರನ ಪಾತ್ರ ಆಡೂ ಗೆಳೆಯನ್ನ ಮೊದಲೇ ಕೇಳಿ ಒಪ್ಪಿಸಿದ್ದೆ, ಅದು ಭಾಳ ಮುಖ್ಯ ಆತು.

ನಿನ್ನೆ ಅಂವಾ ಜೋಳಿಗಿ ಕಟ್ಟಿದ ಕೈ ತೋರಿಸಿ, ಭಿಕ್ಷುಕನ ವೇಷದಾಗ ಕೋಟಿ ಬಾಗಿಲು ದಾಟಿದ. ಬಿಲ್ಲಿದ್ದಾಗ ಇಷ್ಟು ತಲಿ ಓಡಿಸಿದ್ದಿಲ್ಲ ಮಗ!