ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಪುಟವೇ ಮರಳಿ ಬರುತ್ತಿದೆ

ಪ್ರಶ್ನೆ (ಬ್ಯಾಡಗಿಯ ಸದಸ್ಯೆ):

ಸರ್, ನಮಸ್ಕಾರ. ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಡಬ್ಬಿ ಮತ್ತು ಕಡ್ಡಿ ಎಂಬ ಎರಡು ಬಗೆಯ ಮೆಣಸಿನಕಾಯಿ ಪುಡಿಯನ್ನು ಎರಡು ವರ್ಷದಿಂದ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ ವೆಬ್‌ಸೈಟ್ ಮೂಲಕವೂ ಮಾರುತ್ತಿದ್ದೇವೆ. ಸೈಟ್ ನೋಡಿಕೊಳ್ಳುವವಳು ನಾನೇ. ನಿನ್ನೆ ರಾತ್ರಿ ಭದ್ರತೆಗೆಂದು ಒಂದು ಪ್ಲಗಿನ್ (ಸೈಟಿಗೆ ಹೊಸ ಸೌಲಭ್ಯ ಸೇರಿಸುವ ತಂತ್ರಾಂಶ) ಹಾಕಿ, ಅದು ತೋರಿಸಿದ ಆಯ್ಕೆಗಳಿಗೆಲ್ಲ ಗುರುತು ಹಾಕಿ ಉಳಿಸಿದೆ. ಅಲ್ಲಿಂದ ಒಳಗೆ ಹೋಗಲು ಆಗುತ್ತಿಲ್ಲ. ಹೆಸರು, ಪಾಸ್‌ವರ್ಡ್ ಕೊಟ್ಟು ಒತ್ತಿದರೆ ಪುಟ ಒಮ್ಮೆ ಮಿನುಗಿ, ಅದೇ ಖಾಲಿ ಲಾಗಿನ್ ಪುಟ ಬರುತ್ತದೆ. ಪಾಸ್‌ವರ್ಡ್ ಮರೆತಿದ್ದೇನೆ ಎಂದು ಕೊಟ್ಟರೂ ಮೇಲ್ ಬರುತ್ತಿಲ್ಲ. ಇಡೀ ವರ್ಡ್‌ಪ್ರೆಸ್ ಅಳಿಸಿ ಹೊಸದಾಗಿ ಹಾಕು ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಲೇ?

ಉತ್ತರ (ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ನಿರ್ವಹಣೆ ಮಾಡುವವರು):

ಅಕ್ಕಾವರೇ, ದಯವಿಟ್ಟು ಏನನ್ನೂ ಅಳಿಸಬೇಡಿ. ನಿಮ್ಮ ಆರ್ಡರ್‌ಗಳು, ಗ್ರಾಹಕರ ವಿಳಾಸಗಳು ಎಲ್ಲವೂ ಡೇಟಾಬೇಸ್‌ನಲ್ಲಿ ಭದ್ರವಾಗಿವೆ. ಗಾಬರಿಯಲ್ಲಿ ಅಳಿಸಿದರೆ ಮಾತ್ರ ಅವು ಹೋಗುತ್ತವೆ.

ಮೊದಲು ಆ ಪ್ಲಗಿನ್ನನ್ನು ಹೊರಗಿನಿಂದಲೇ ನಿಲ್ಲಿಸೋಣ. ಸೈಟಿನ ಫೈಲ್‌ಗಳನ್ನು ಇಟ್ಟಿರುವ ಹೋಸ್ಟಿಂಗ್ ಖಾತೆಯ ಸಿಪ್ಯಾನೆಲ್ ಎಂಬ ನಿಯಂತ್ರಣ ಪುಟಕ್ಕೆ ಹೋಗಿ ಫೈಲ್ ಮ್ಯಾನೇಜರ್ ತೆರೆಯಿರಿ. ಡಬ್ಲ್ಯುಪಿ-ಕಂಟೆಂಟ್ ಫೋಲ್ಡರಿನ ಒಳಗೆ ಪ್ಲಗಿನ್ಸ್ ಎಂಬ ಫೋಲ್ಡರ್ ಇದೆ. ಅದರಲ್ಲಿ ನಿನ್ನೆ ಹಾಕಿದ ಪ್ಲಗಿನ್‌ನ ಫೋಲ್ಡರ್ ಹುಡುಕಿ, ಅದರ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿ. ಅದೊಂದನ್ನೇ, ಬೇರೆ ಯಾವುದನ್ನೂ ಮುಟ್ಟಬೇಡಿ. ಫೈಲ್ ಸಿಗದಿದ್ದರೆ ವರ್ಡ್‌ಪ್ರೆಸ್ ಆ ಪ್ಲಗಿನ್ನನ್ನು ಬಿಟ್ಟು ಮುಂದೆ ಹೋಗುತ್ತದೆ. ಬಳಿಕ ಮತ್ತೊಮ್ಮೆ ಲಾಗಿನ್ ಆಗಿ ನೋಡಿ.

ಧಾರವಾಡದ ಸದಸ್ಯ:

ಡೇಟಾಬೇಸ್‌ನಲ್ಲಿ ಚಾಲ್ತಿಯಲ್ಲಿರುವ ಪ್ಲಗಿನ್‌ಗಳ ಪಟ್ಟಿಯನ್ನೇ ಖಾಲಿ ಮಾಡಿದರೆ ಬೇಗ ಆಗುವುದಿಲ್ಲವೇ ಸರ್?

ಉತ್ತರ:

ಆಗುತ್ತದೆ, ಆದರೆ ಎಲ್ಲ ಪ್ಲಗಿನ್‌ಗಳೂ ಒಟ್ಟಿಗೆ ನಿಲ್ಲುತ್ತವೆ. ಇವರ ಅಂಗಡಿಯನ್ನು ನಡೆಸುವ ವೂಕಾಮರ್ಸ್ ಕೂಡ ಒಂದು ಪ್ಲಗಿನ್ನೇ. ತಪ್ಪು ಯಾವುದರದ್ದು ಎಂದು ಗೊತ್ತಿರುವಾಗ ಅಂಗಡಿಯ ಬಾಗಿಲನ್ನೇ ಏಕೆ ಹಾಕಬೇಕು?

ಬ್ಯಾಡಗಿಯ ಸದಸ್ಯೆ:

ಹೆಸರು ಬದಲಿಸಿದೆ ಸರ್. ಏನೂ ವ್ಯತ್ಯಾಸವಾಗಲಿಲ್ಲ. ಬೆಳಿಗ್ಗೆಯಿಂದ ಒಂದೂ ಆರ್ಡರ್ ಬಂದಿಲ್ಲವೆಂದು ಅಪ್ಪ ಎರಡು ಸಲ ಕೇಳಿದರು.

ಉತ್ತರ:

ಹಾಗಾದರೆ ಮೂರು ವಿಷಯ ನೋಡಿ ಹೇಳಿ. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟರೆ, ಅದು ತಪ್ಪು ಎಂಬ ಸಂದೇಶ ಬರುತ್ತದೆಯೇ? ಒಂದೇ ಸಲ ಪ್ರಯತ್ನಿಸಿ. ಅಂಗಡಿಯ ಮುಖಪುಟ ತೆರೆಯುತ್ತದೆಯೇ? ಬ್ರೌಸರ್‌ನ ಮೇಲ್ಭಾಗದಲ್ಲಿ ಕಾಣುವ ಲಾಗಿನ್ ಪುಟದ ವಿಳಾಸದಲ್ಲಿ ನಿನ್ನೆಗೂ ಇಂದಿಗೂ ಏನಾದರೂ ವ್ಯತ್ಯಾಸವಿದೆಯೇ?

ಬ್ಯಾಡಗಿಯ ಸದಸ್ಯೆ:

ತಪ್ಪು ಪಾಸ್‌ವರ್ಡ್ ಕೊಟ್ಟರೂ ಸಂದೇಶವಿಲ್ಲ, ಖಾಲಿ ಪುಟವೇ ಬರುತ್ತದೆ. ಮುಖಪುಟವನ್ನು ನಾನು ನೋಡಿಯೇ ಇರಲಿಲ್ಲ. ಅದೂ ತೆರೆಯುತ್ತಿಲ್ಲ, ತೀರಾ ಹೆಚ್ಚು ಬಾರಿ ಮರುನಿರ್ದೇಶನವಾಗಿದೆ ಎಂದು ಬರುತ್ತದೆ. ವಿಳಾಸದಲ್ಲಿ ಮೊದಲು ಡಬ್ಲ್ಯುಡಬ್ಲ್ಯುಡಬ್ಲ್ಯು ಇರಲಿಲ್ಲ. ಈಗ ಅದು ತಾನಾಗಿಯೇ ಸೇರಿಕೊಂಡಿದೆ.

ಉತ್ತರ:

ಸಿಕ್ಕಿತು. ನಿಮ್ಮ ಪಾಸ್‌ವರ್ಡ್‌ಗೆ ಏನೂ ಆಗಿಲ್ಲ. ಅದು ವರ್ಡ್‌ಪ್ರೆಸ್‌ಗೆ ತಲುಪುತ್ತಲೇ ಇಲ್ಲ.

ನಡೆಯುತ್ತಿರುವುದು ಇಷ್ಟು. ವರ್ಡ್‌ಪ್ರೆಸ್‌ನ ಪ್ರಕಾರ ನಿಮ್ಮ ಸೈಟಿನ ವಿಳಾಸದಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು ಇಲ್ಲ. ಹಾಗಾಗಿ ಲಾಗಿನ್ ಪುಟ ನಿಮ್ಮ ಹೆಸರು, ಪಾಸ್‌ವರ್ಡ್‌ಗಳನ್ನು ಆ ವಿಳಾಸಕ್ಕೇ ಕಳಿಸುತ್ತದೆ. ನೀವು ಗುರುತು ಹಾಕಿದ ಆಯ್ಕೆಗಳಲ್ಲಿ ಒಂದು, ಬಂದವರನ್ನೆಲ್ಲ ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸಕ್ಕೆ ತಿರುಗಿಸುವ ನಿಯಮವನ್ನು ಬರೆದಿದೆ. ಹಾಗೆ ತಿರುಗಿಸಿದಾಗ ಬ್ರೌಸರ್ ಹೊಸ ವಿಳಾಸಕ್ಕೆ ಬರಿಗೈಯಲ್ಲಿ ಹೋಗುತ್ತದೆ, ತುಂಬಿದ ವಿವರ ದಾರಿಯಲ್ಲೇ ಬಿದ್ದುಹೋಗುತ್ತದೆ. ಪಾಸ್‌ವರ್ಡ್ ಬದಲಿಸುವ ಮೇಲ್ ಬಾರದಿರುವುದಕ್ಕೂ ಇದೇ ಕಾರಣ. ಮುಖಪುಟದ ಪಾಡು ಇನ್ನೂ ಕಷ್ಟದ್ದು. ಸರ್ವರ್ ಅತ್ತ ಕಳಿಸುತ್ತದೆ, ವರ್ಡ್‌ಪ್ರೆಸ್ ಇತ್ತ ಕಳಿಸುತ್ತದೆ, ಕೊನೆಗೆ ಬ್ರೌಸರ್ ಕೈಚೆಲ್ಲುತ್ತದೆ.

ಪ್ಲಗಿನ್ ನಿಲ್ಲಿಸಿದರೂ ಇದು ಸರಿಹೋಗಲಿಲ್ಲ, ಏಕೆಂದರೆ ಆ ನಿಯಮ ಪ್ಲಗಿನ್‌ನ ಫೋಲ್ಡರಿನಲ್ಲಿ ಇಲ್ಲ. ಬಂದವರನ್ನು ಎತ್ತ ಕಳಿಸಬೇಕು ಎಂಬಂಥ ನಿಯಮಗಳನ್ನು ಸರ್ವರ್‌ಗೆ ಹೇಳುವ ಡಾಟ್ ಎಚ್‌ಟಿಆಕ್ಸೆಸ್ (.htaccess) ಎಂಬ ಫೈಲಿನಲ್ಲಿ ಇದೆ. ಒಳಗಿನಿಂದ ಕ್ರಮವಾಗಿ ನಿಷ್ಕ್ರಿಯಗೊಳಿಸಿದ್ದರೆ ಸಾಮಾನ್ಯವಾಗಿ ಪ್ಲಗಿನ್ ತಾನು ಬರೆದದ್ದನ್ನು ತಾನೇ ಒರೆಸಿ ಹೋಗುತ್ತದೆ. ನಾವು ಹೆಸರು ಬದಲಿಸಿದ್ದರಿಂದ ಅದಕ್ಕೆ ಆ ಅವಕಾಶ ಸಿಗಲಿಲ್ಲ. ಇದನ್ನು ನಾನು ಮೊದಲೇ ಹೇಳಬೇಕಿತ್ತು, ಕ್ಷಮಿಸಿ.

ಫೈಲ್ ಮ್ಯಾನೇಜರ್‌ನ ಸೆಟ್ಟಿಂಗ್ಸ್‌ನಲ್ಲಿ ಅಡಗಿದ ಫೈಲ್‌ಗಳನ್ನು ತೋರಿಸುವ ಆಯ್ಕೆಗೆ ಗುರುತು ಹಾಕಿ. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಈ ಫೈಲ್ ಸಾಮಾನ್ಯವಾಗಿ ಕಾಣುವುದಿಲ್ಲ. ಅದು ಡಬ್ಲ್ಯುಪಿ-ಕಂಟೆಂಟ್ ಫೋಲ್ಡರ್ ಇರುವ ಜಾಗದಲ್ಲೇ ಇರುತ್ತದೆ. ಮೊದಲು ಅದರ ಒಂದು ಪ್ರತಿಯನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅದಾಗದೆ ಒಂದಕ್ಷರವನ್ನೂ ತಿದ್ದಬೇಡಿ. ತೆರೆದಾಗ ‘ಬಿಗಿನ್ ವರ್ಡ್‌ಪ್ರೆಸ್’ ಮತ್ತು ‘ಎಂಡ್ ವರ್ಡ್‌ಪ್ರೆಸ್’ ಎಂಬ ಎರಡು ಸಾಲುಗಳು ಕಾಣುತ್ತವೆ. ಅವುಗಳ ನಡುವಿನದು ಹಾಗೆಯೇ ಇರಲಿ. ಅದೇ ರೀತಿ ಹೊಸ ಪ್ಲಗಿನ್‌ನ ಹೆಸರಿನಲ್ಲಿ ಶುರುವಾಗಿ ಮುಗಿಯುವ ಭಾಗವಿದ್ದರೆ ಅದನ್ನು ಮಾತ್ರ ತೆಗೆದು ಉಳಿಸಿ.

ಆಮೇಲೆ ಹೊಸ ಖಾಸಗಿ ವಿಂಡೋದಲ್ಲಿ ಪರೀಕ್ಷಿಸಿ. ಇಂಥ ತಿರುವನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ಎಲ್ಲ ಸರಿಹೋದ ಮೇಲೂ ಹಳೆಯ ವಿಂಡೋದಲ್ಲಿ ಅದೇ ತೊಂದರೆ ಕಾಣಿಸಿ ಎಷ್ಟೋ ಜನ ಕಂಗಾಲಾಗುತ್ತಾರೆ.

ಗದಗದ ಸದಸ್ಯೆ:

ನನಗೂ ಒಮ್ಮೆ ಹೀಗಾಗಿತ್ತು. ಆದರೆ ಲಾಗಿನ್ ಪುಟವೇ ಬಾರದೆ, ಗಂಭೀರ ದೋಷವಿದೆ ಎಂಬ ಒಂದು ಸಾಲು ಬಂದಿತ್ತು.

ಉತ್ತರ:

ಅದು ಬೇರೆ ಸಂಗತಿ. ಪ್ಲಗಿನ್‌ನ ಕೋಡ್ ನಡುವೆಯೇ ಮುರಿದುಬಿದ್ದಾಗ ಹಾಗೆ ಬರುತ್ತದೆ. 2019ರಲ್ಲಿ ಬಂದ 5.2 ಆವೃತ್ತಿಯಿಂದ ಈಚೆಗೆ, ಅಂಥ ಸಂದರ್ಭದಲ್ಲಿ ನಿರ್ವಾಹಕರ ಮೇಲ್‌ಗೆ ವರ್ಡ್‌ಪ್ರೆಸ್ ಒಂದು ಕೊಂಡಿ ಕಳಿಸುತ್ತದೆ. ಅದರ ಮೂಲಕ ಒಳಗೆ ಹೋಗಿ ಆ ಪ್ಲಗಿನ್ನನ್ನು ನಿಲ್ಲಿಸಬಹುದು. ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಿ.

ಬ್ಯಾಡಗಿಯ ಸದಸ್ಯೆ:

ಸರ್, ಒಳಗೆ ಬಂದೆ! ಆ ಪ್ಲಗಿನ್ ಹೆಸರಿನಲ್ಲಿ ಹನ್ನೊಂದು ಸಾಲುಗಳಿದ್ದವು. ತೆಗೆದ ಮೇಲೆ ಮುಖಪುಟವೂ ತೆರೆಯಿತು. ತೊಟ್ಟು ಬಿಡಿಸುತ್ತಾ ಕುಳಿತಿದ್ದ ಹೆಂಗಸರೆಲ್ಲ ಏನಾಯಿತೆಂದು ಎದ್ದು ಬಂದರು, ಅಷ್ಟು ಜೋರಾಗಿ ಕೂಗಿದ್ದೇನೆ.

ಉತ್ತರ:

ಬಹಳ ಸಂತೋಷವಾಯಿತು. ಈಗಲೇ ಪ್ಲಗಿನ್‌ಗಳ ಪುಟವನ್ನು ಒಮ್ಮೆ ತೆರೆಯಿರಿ. ಫೈಲ್ ಸಿಗದ ಪ್ಲಗಿನ್ನನ್ನು ವರ್ಡ್‌ಪ್ರೆಸ್ ಆ ಪುಟ ತೆರೆದಾಗಲೇ ಚಾಲ್ತಿಯಲ್ಲಿರುವವುಗಳ ಪಟ್ಟಿಯಿಂದ ತೆಗೆಯುವುದು. ಅದಕ್ಕೂ ಮೊದಲೇ ಫೋಲ್ಡರಿಗೆ ಹಳೆಯ ಹೆಸರು ಕೊಟ್ಟರೆ ಅದು ಮತ್ತೆ ಚಾಲೂ ಆಗುತ್ತದೆ.

ಇನ್ನೊಂದು ಮುಖ್ಯ ಕೆಲಸವಿದೆ. ನೀವು ಪ್ಲಗಿನ್ ಹಾಕಿದ ಹೊತ್ತಿಗೆ ಯಾರಾದರೂ ಹಣ ಕಟ್ಟುತ್ತಿದ್ದರೆ, ಹಣ ಕಡಿತವಾಗಿಯೂ ಸೈಟಿಗೆ ಸುದ್ದಿ ಮುಟ್ಟದಿರಬಹುದು. ಪಾವತಿ ಸೇವೆಯ ಖಾತೆಯಲ್ಲಿ ನಿನ್ನೆ ರಾತ್ರಿಯ ಜಮೆಗಳನ್ನು ಆರ್ಡರ್ ಪಟ್ಟಿಯೊಂದಿಗೆ ತಾಳೆ ನೋಡಿ. ರದ್ದಾದವು, ಬಾಕಿ ಇರುವವು ಎರಡನ್ನೂ ನೋಡಬೇಕು.

ಬ್ಯಾಡಗಿಯ ಸದಸ್ಯೆ:

ಒಂದು ಇದೆ ಸರ್. ಧಾರವಾಡದವರೊಬ್ಬರು ಎರಡು ಕಿಲೋ ಕಡ್ಡಿ ಪುಡಿಗೆ ಹಣ ಕಟ್ಟಿದ್ದಾರೆ, ಇಲ್ಲಿ ಆರ್ಡರ್ ರದ್ದು ಎಂದು ತೋರಿಸುತ್ತಿದೆ. ಈಗಷ್ಟೇ ಅವರಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಪುಡಿ ತೂಗುತ್ತಿದ್ದಾರೆ, ಸಂಜೆಯ ಪಾರ್ಸೆಲ್‌ನಲ್ಲೇ ಕಳಿಸುತ್ತೇವೆ.