ಪದಚರ್ಚೆ: ಸ್ಕೇಟಿಂಗಿನ ‘ಬ್ಯಾಲೆನ್ಸ್’ಗೆ ‘ಸಮತೋಲನ’ ಒಗ್ಗುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಉರ್ವದಿಂದ ಬರೆಯುತ್ತಿದ್ದೇನೆ. ಇಲ್ಲಿ ಗಾಲಿ ಸ್ಕೇಟಿಂಗ್ ಕಲಿಯುವ ಮಕ್ಕಳಿಗಾಗಿ, ಮಂಜುಗಡ್ಡೆಯ ಮೇಲೆ ಸಂಗೀತಕ್ಕೆ ತಕ್ಕಂತೆ ಜಿಗಿದು ಸುತ್ತುವ ಫಿಗರ್ ಸ್ಕೇಟಿಂಗ್ ಕುರಿತು ಕನ್ನಡದಲ್ಲಿ ಒಂದು ಕಿರುಪುಸ್ತಕ ಸಿದ್ಧಪಡಿಸುತ್ತಿದ್ದೇನೆ. ಜಿಗಿತಗಳ ಹೆಸರುಗಳು ನನ್ನನ್ನು ಕಾಡಲಿಲ್ಲ. ಆಕ್ಸೆಲ್, ಸಾಲ್ಕೋವ್, ಲುಟ್ಜ್ ಎನ್ನುವುವು ನಾರ್ವೆಯ ಆಕ್ಸೆಲ್ ಪಾಲ್ಸನ್, ಸ್ವೀಡನ್ನಿನ ಉಲ್ರಿಕ್ ಸಾಲ್ಕೋವ್, ಆಸ್ಟ್ರಿಯಾದ ಅಲೋಯಿಸ್ ಲುಟ್ಜ್ ಇವರಿಂದ ಬಂದ ಹೆಸರುಗಳು. ಅವನ್ನು ಮುಟ್ಟುವ ಅಗತ್ಯವಿಲ್ಲ. ಕೈ ತಡೆದದ್ದು ‘ಬ್ಯಾಲೆನ್ಸ್’ ಬಂದ ಕಡೆ.

ಈ ಆಟದಲ್ಲಿ ಆ ಪದಕ್ಕೆ ಮೂರು ಅರ್ಥಗಳಿವೆ. ಗಾಳಿಯಲ್ಲಿ ಸುತ್ತಿ ಬಂದವಳು ಒಂದೇ ಕಾಲಿನ ಅಲಗಿನ ಹೊರಅಂಚಿನ ಮೇಲೆ, ಹಿಮ್ಮುಖವಾಗಿ, ತೂರಾಡದೆ ಇಳಿಯಬೇಕು. ಅದು ಮೈಯ ಸಮತೋಲನ, ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಇನ್ನೊಂದು, ನಿಯಮಾವಳಿಯ ಭಾಷೆ. ಪ್ರದರ್ಶನವೊಂದರಲ್ಲಿ ಏನೇನು ಎಷ್ಟೆಷ್ಟು ಇರಬಹುದು ಎಂಬ ಕಟ್ಟಳೆಯನ್ನೂ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಇದೇ ಪದದಿಂದ ಹೇಳುತ್ತದೆ. 2018ರ ಬದಲಾವಣೆಯಲ್ಲಿ ಹಿರಿಯರ ವಿಭಾಗದ ಉದ್ದನೆಯ ಪ್ರದರ್ಶನವಾದ ಫ್ರೀ ಸ್ಕೇಟ್‌ಗೆ ಹೆಚ್ಚೆಂದರೆ 7 ಜಿಗಿತದ ಅಂಶಗಳು, 3 ಗಿರಕಿಗಳು, 1 ಹೆಜ್ಜೆಸಾಲು, 1 ನೃತ್ಯಸಾಲು ಎಂದು ಗೊತ್ತುಪಡಿಸಿದರು. ಇದಕ್ಕೆ ನಾನು ‘ಅಂಶಗಳ ಮಿತಿ’ ಎಂದು ಬರೆದಿದ್ದೇನೆ, ಅಷ್ಟು ಸಾಕು ಅನಿಸುತ್ತದೆ. ಕಷ್ಟದ್ದು ಮೂರನೆಯ ಅರ್ಥ. ನಾಲ್ಕು ನಿಮಿಷದ ಸಂಗೀತದಲ್ಲಿ ಜಿಗಿತಗಳು ಎಲ್ಲೆಲ್ಲಿ ಬರುತ್ತವೆ, ಅವು ಒಂದೇ ಕಡೆ ಗುಂಪುಗೂಡಿವೆಯೇ ಅಥವಾ ಉದ್ದಕ್ಕೂ ಹರಡಿಕೊಂಡಿವೆಯೇ ಎಂಬ ಅರ್ಥ.

ಮಾತು ಸ್ಪಷ್ಟವಾಗಲು 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಉದಾಹರಣೆ ಕೊಡುತ್ತೇನೆ. ಆಗಿನ ನಿಯಮದಂತೆ ದ್ವಿತೀಯಾರ್ಧದಲ್ಲಿ ಮಾಡಿದ ಪ್ರತಿ ಜಿಗಿತದ ಮೂಲ ಅಂಕಕ್ಕೆ ಶೇ. 10 ಸೇರುತ್ತಿತ್ತು. ದಣಿದ ಕಾಲಿನಲ್ಲಿ ಹಾರುವುದು ಹೆಚ್ಚು ಕಷ್ಟ ಎಂಬುದು ಅದರ ಹಿಂದಿನ ನ್ಯಾಯ. ರಷ್ಯಾದ 15 ವರ್ಷದ ಅಲಿನಾ ಝಗಿಟೋವಾ ಫ್ರೀ ಸ್ಕೇಟ್‌ನ ಮೊದಲರ್ಧದಲ್ಲಿ ಒಂದೇ ಒಂದು ಜಿಗಿತ ಮಾಡಲಿಲ್ಲ. ಗಿರಕಿ, ಹೆಜ್ಜೆ, ತೋಳಿನ ಚಲನೆ, ಇಷ್ಟರಲ್ಲೇ ಎರಡು ನಿಮಿಷ ಕಳೆದವು. ಆಮೇಲೆ ಏಳಕ್ಕೆ ಏಳೂ ಜಿಗಿತಗಳು ಒಂದರ ಬೆನ್ನಿಗೊಂದು ಬಂದವು. ಮೊದಲ ಲುಟ್ಜ್‌ಗೆ ಜೋಡಿಸಬೇಕಿದ್ದ ಲೂಪ್ ಎಂಬ ಇನ್ನೊಂದು ಜಿಗಿತ ತಪ್ಪಿಹೋದಾಗ, ಮುಂದೆ ಒಂಟಿಯಾಗಿ ಮಾಡಬೇಕಿದ್ದ ಲುಟ್ಜ್‌ಗೆ ಅದನ್ನು ಜೋಡಿಸಿ ಅಂಕ ಉಳಿಸಿಕೊಂಡಳು. ಆ ಸಮಯಪ್ರಜ್ಞೆಗೆ ಈಗಲೂ ತಲೆಬಾಗುತ್ತೇನೆ. ಫ್ರೀ ಸ್ಕೇಟ್‌ನಲ್ಲಿ ಅವಳಿಗೂ ರಷ್ಯಾದವಳೇ ಆದ ಎವ್ಗೆನಿಯಾ ಮೆಡ್ವೆಡೆವಾಗೂ ಬಂದದ್ದು ಸಮ ಸಮ 156.65. ಕಿರು ಪ್ರದರ್ಶನದ್ದೂ ಸೇರಿದ ಒಟ್ಟು ಅಂಕದಲ್ಲಿ ಝಗಿಟೋವಾ 239.57, ಮೆಡ್ವೆಡೆವಾ 238.26. ಚಿನ್ನ, ಬೆಳ್ಳಿಗಳ ನಡುವೆ ಇದ್ದದ್ದು 1.31 ಅಂಕ.

ಅದೇ ವರ್ಷ ಒಕ್ಕೂಟ ನಿಯಮ ಬದಲಿಸಿತು. ಕಿರು ಪ್ರದರ್ಶನದಲ್ಲಿ ಕೊನೆಯ ಒಂದು, ಫ್ರೀ ಸ್ಕೇಟ್‌ನಲ್ಲಿ ಕೊನೆಯ ಮೂರು ಜಿಗಿತಗಳಿಗೆ ಮಾತ್ರ ಆ ಶೇ. 10 ಎಂದಾಯಿತು. ನನಗೆ ಅದು ಸರಿಯಾದ ತೀರ್ಮಾನವೆಂದೇ ತೋರುತ್ತದೆ. ಜಿಗಿತ ಸಂಗೀತಕ್ಕಾಗಿ ಬರಬೇಕು, ಗಡಿಯಾರ ನೋಡಿಕೊಂಡು ಬರಬಾರದು.

ಈಗ ಪದಕ್ಕೆ ಬರೋಣ. ಆ ಪ್ರದರ್ಶನ ‘ಸಮತೋಲನ ಕಳೆದುಕೊಂಡಿತ್ತು’ ಎಂದು ಕನ್ನಡದಲ್ಲಿ ಬರೆದರೆ ಓದುವ ಮಗು ಹುಡುಗಿ ಜಾರಿಬಿದ್ದಳೆಂದೇ ತಿಳಿಯುತ್ತದೆ. ಝಗಿಟೋವಾ ಅಂದು ಬಿದ್ದೇ ಇರಲಿಲ್ಲ. ಮೇಲಾಗಿ, ‘ಸಮತೋಲನ’ ಎಂದೊಡನೆ ತಕ್ಕಡಿಯ ಎರಡು ತಟ್ಟೆಗಳು ಸಮವಾಗಿ ನಿಲ್ಲಬೇಕೆಂಬ ಭಾವ ಬರುತ್ತದೆ. ಸ್ಕೇಟಿಂಗಿನಲ್ಲಿ ಯಾರೂ ಮೊದಲರ್ಧಕ್ಕೆ ಮೂರೂವರೆ, ಕೊನೆಯರ್ಧಕ್ಕೆ ಮೂರೂವರೆ ಎಂದು ಪಾಲು ಕೇಳುತ್ತಿಲ್ಲ. ಕೇಳುತ್ತಿರುವುದು ಹದ.

‘ಹದ’ ನನಗೆ ಸುಮ್ಮನೆ ಹೊಳೆದ ಪದವಲ್ಲ. ಪರಿಚಯದ ಹಿರಿಯ ಯಕ್ಷಗಾನ ಮದ್ದಳೆಗಾರರೊಬ್ಬರಿಗೆ ಆ ಪ್ರದರ್ಶನದ ವಿಡಿಯೊ ತೋರಿಸಿ, ಇದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದೆ. ಅವರು ಪೂರ್ತಿ ನೋಡಿ, “ಹುಡುಗಿ ಗಟ್ಟಿಗಳು ಮಾರಾಯರೇ, ಆದರೆ ಕುಣಿತದ ಹದ ತಪ್ಪಿದೆ” ಎಂದರು. ಬಳಿಕ ತಮ್ಮ ಕ್ಷೇತ್ರದ ಮಾತಿಗೆ ಬಂದರು. ಭಾಗವತರ ಪದ (ಹಾಡು) ಮುಗಿದು ಚೆಂಡೆ, ಮದ್ದಳೆಗಳ ಬಿಡ್ತಿಗೆ ಬಂದಾಗ ಪುಂಡುವೇಷ, ಅಂದರೆ ಚುರುಕಿನ ತರುಣ ಪಾತ್ರ, ಹಾರು ಸುತ್ತಿನ ಧೀಂಗಿಣ ಹೊಡೆದರೆ ಚೆಂಡೆಗೂ ಅರ್ಥ, ಕುಣಿತಕ್ಕೂ ಅರ್ಥ. “ಭಾಗವತರು ಇನ್ನೂ ಹಾಡುತ್ತಿರುವಾಗಲೇ ಸುತ್ತು ಶುರುವಾದರೆ ನಾವು ಬಾರಿಸುವುದು ಯಾರಿಗೆ?” ಎಂದು ಕೇಳಿದರು. ಮಂಜಿನ ಮೇಲೂ ಕೇಳಬೇಕಾದ ಪ್ರಶ್ನೆ ಇದು.

ಹಾಗಾಗಿ ಮೂರನೆಯ ಅರ್ಥಕ್ಕೆ ‘ಪ್ರದರ್ಶನದ ಹದ’ ಎಂದೂ, ಅದನ್ನು ಸಾಧಿಸುವ ಕೆಲಸಕ್ಕೆ ‘ಜಿಗಿತಗಳ ಹಂಚಿಕೆ’ ಎಂದೂ ಇಟ್ಟುಕೊಂಡಿದ್ದೇನೆ. ‘ಜಿಗಿತದ ಸ್ಥಾನ’ ಎಂದರೆ ಅಂಗಣದ ಯಾವ ಮೂಲೆಯಲ್ಲಿ ಹಾರಿದಳು ಎಂಬ ಅರ್ಥವೂ ಬರುತ್ತದೆ. ಅದೂ ತೀರ್ಪುಗಾರರು ಗಮನಿಸುವ ಸಂಗತಿಯೇ, ಹಾಗಾಗಿ ಆ ಪದವನ್ನು ಅದಕ್ಕೇ ಬಿಡುವುದು ಒಳ್ಳೆಯದು. ಎಲ್ಲ ಜಿಗಿತಗಳನ್ನೂ ಕೊನೆಗೆ ಒಟ್ಟುವ ತಂತ್ರಕ್ಕೆ ‘ಹಿಂಭಾರ’ ಎಂದು ಬರೆದಿದ್ದೇನೆ. ಗಾಡಿಗೆ ಹೊರೆ ಹೇರುವಾಗ ಹಿಂದೆ ತೂಕ ಹೆಚ್ಚಾದರೆ ಹೇಳುವ ಮಾತು. ‘ಹಿಂಭಾರದ ಪ್ರದರ್ಶನ’ ಎಂದರೆ ತಟ್ಟನೆ ತಿಳಿಯುತ್ತದೆ ಎಂದು ನನ್ನ ನಂಬಿಕೆ. ‘ಪ್ರೋಗ್ರಾಮ್’ಗೆ ‘ಕಾರ್ಯಕ್ರಮ’ ಬೇಡ, ಸ್ವಾಗತ ಭಾಷಣ, ವಂದನಾರ್ಪಣೆ ನೆನಪಾಗುತ್ತದೆ. ‘ಪ್ರಸ್ತುತಿ’ಯೂ ಆಗದು, 2022ರಿಂದ ತೀರ್ಪುಗಾರರು ಅಂಕ ಕೊಡುವ ರಚನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂಬ ಮೂರರಲ್ಲಿ ಅದು ಒಂದರ ಹೆಸರು.

‘ಜಂಪ್’ಗೆ ‘ಧೀಂಗಿಣ’ವನ್ನೇ ಬಳಸಿ ಎಂದು ಸಲಹೆ ಕೊಟ್ಟವರಿದ್ದಾರೆ. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಮೇಲೆ ಅವರಿಗಿರುವಷ್ಟೇ ಪ್ರೀತಿ ನನಗೂ ಇದೆ, ಆದರೆ ಒಪ್ಪಲಾರೆ. ಧೀಂಗಿಣ ಎಂದರೆ ರಂಗಸ್ಥಳದ ಸುತ್ತ ಸಾಲು ಸಾಲಾಗಿ ಸಾಗುವ ಹಾರು ಸುತ್ತುಗಳು. ಸ್ಕೇಟಿಂಗಿನ ಜಿಗಿತ ಒಂದೇ ಚಿಮ್ಮು, ಅದರೊಳಗೆ ಮೂರೋ ನಾಲ್ಕೋ ಸುತ್ತು. ‘ಲಾಗ’ವನ್ನು ಮಾತ್ರ ಕಾಯ್ದಿಡಬೇಕು. 1976ರಲ್ಲಿ ಟೆರಿ ಕುಬಿಕಾ ಒಲಿಂಪಿಕ್ಸ್‌ನಲ್ಲಿ ಮಾಡಿದ ಬಳಿಕ ನಿಷೇಧವಾಗಿ, 2024ರಲ್ಲಿ ನಿಷೇಧ ತೆರವಾದ ಆ ತಲೆಕೆಳಗಿನ ಪಲ್ಟಿಗೆ ‘ಹಿಂಲಾಗ’ ಎಂದರೆ ಬೇರೆ ಪದವೇ ಬೇಡ.

ಬಳಗದವರಲ್ಲಿ ಎರಡು ಕೇಳಿಕೆ. ಕುಂದಾಪುರ, ಬೈಂದೂರು ಕಡೆಯ ಬಡಗುತಿಟ್ಟಿನವರಲ್ಲಿ, ಮಂಡಿ ಕುಣಿತವನ್ನು ಹೊತ್ತಲ್ಲದ ಹೊತ್ತಿನಲ್ಲಿ ತುರುಕಿದರೆ ಅದಕ್ಕೆ ಹೇಳುವ ಪದ ಬೇರೆ ಇದೆಯೇ? ಘಟ್ಟದ ಮೇಲಿನವರಿಗೆ ‘ಹಿಂಭಾರ’ ಓದಿದೊಡನೆ ಗಾಡಿಯ ಅರ್ಥ ಹೊಳೆಯುತ್ತದೆಯೇ, ಅಥವಾ ನಿಮ್ಮಲ್ಲಿ ಅದನ್ನು ಬೇರೆ ರೀತಿ ಹೇಳುತ್ತೀರಾ? ಬಳಕೆಯ ಒಂದೊಂದು ವಾಕ್ಯವನ್ನೂ ಊರಿನ ಹೆಸರನ್ನೂ ಸೇರಿಸಿ ಬರೆದರೆ ಉಪಕಾರವಾಗುತ್ತದೆ.